ಬೇರೆ ಬಟ್ಟೆಯ ಎಳೆ

ತಾರೀಕು ಹದಿನಾಲ್ಕು, ಮಂಗಳವಾರ
ಅಂಗಡಿಯಿಂದ, ಊಟದ ಬಿಡುವಿನಲ್ಲಿ

ನನ್ನ ಮುದ್ದಿನ ಮಗಳಿಗೆ ಅಮ್ಮ ಮಾಡುವ ನೂರು ಆಶೀರ್ವಾದ.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಮರಿಯನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗು. ನನ್ನ ಮಾತು ಕೇಳಿ ರದ್ದು ಮಾಡಿಸಿದೆಯಲ್ಲ, ಅದಕ್ಕೆ ಇವತ್ತೇ ಫೋನು ಮಾಡಿ ಇನ್ನೊಂದು ದಿನ ಕೇಳಿಕೋ. ಅಳಿಯನಿಗೆ ರಜೆ ಸಿಗದಿದ್ದರೆ ನೀನೊಬ್ಬಳೇ ಹೋಗು. ನೀನೂ ಹೀಗೇ ಇದ್ದೆ, ಮೂರು ವರ್ಷದ ತನಕ ತುಟಿ ಬಿಚ್ಚಿರಲಿಲ್ಲ, ಆಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ ಪೂರಾ ಮಾತಾಡಿಬಿಟ್ಟೆ, ಮರಿಗೆ ಇನ್ನೂ ಮಾತು ಬರದಿದ್ದರೆ ಹೆದರಬೇಡ, ಮಗುವಿಗೆ ಏನೂ ಆಗಿಲ್ಲ ಎಂದು ನಾನು ಧೈರ್ಯ ಹೇಳಿದ್ದೆನಲ್ಲ, ಅದು ನಿಜವಲ್ಲ. ನೀನು ಹಾಗಿರಲಿಲ್ಲ. ಇಷ್ಟು ಓದಿ, ಕಾಗದ ಮಡಿಸಿಟ್ಟು, ಆಸ್ಪತ್ರೆಗೆ ಫೋನು ಮಾಡಿ ಬಾ. ಉಳಿದದ್ದು ಎಲ್ಲಿಗೂ ಓಡಿಹೋಗುವುದಿಲ್ಲ.

ಭಾನುವಾರ ಫೋನಿನಲ್ಲೇ ಹೇಳಿದೆನಲ್ಲ, ಮಗುವನ್ನು ತೋರಿಸಿಬಿಡು ಅಂತ. ನೀನು ನಕ್ಕೆ. ಅಯ್ಯೋ ಅಮ್ಮಾ, ನೀನೇ ಬೇಡ ಅಂದೆ, ಈಗ ನೀನೇ ಹೋಗು ಅಂತೀಯ, ನಿನ್ನ ಮಾತಿಗೆ ತಲೆಬುಡ ಇದೆಯಾ ಅಂದೆ. ಯಾಕೆ ಎಂದು ಹೇಳದೆ ನೀನು ಕೇಳುವವಳಲ್ಲ. ಯಾಕೆ ಎನ್ನುವುದು ಫೋನಿನಲ್ಲಿ ಬಾಯಿಗೆ ಬರಲಿಲ್ಲ. ಅಲ್ಲಿ ಸೆಕೆಯಾ, ಚಳಿಯಾ ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಡಾಕ್ಟರು ಕೊಟ್ಟ ಫಾರಮ್ಮನ್ನು ನೀನು ಕಳಿಸಿದ್ದು ಹೋದ ಗುರುವಾರ ಬಂತು. ಎರಡನೇ ಪುಟದಲ್ಲಿ ತಾಯಿಯ ಬಾಲ್ಯದ ಬಗ್ಗೆ ಏಳು ಪ್ರಶ್ನೆಗಳು. ಯಾವ ತಿಂಗಳಲ್ಲಿ ನಡೆದಳು, ಮೊದಲ ಮಾತು ಯಾವುದು, ಯಾವುದಕ್ಕೆ ಹೆದರುತ್ತಿದ್ದಳು. ಇದೊಂದು ತುಂಬಿ ಕಳಿಸಮ್ಮ, ಆ ಡಾಕ್ಟರ ಬಾಯಿ ಮುಚ್ಚಿಸೋಣ ಎಂದು ನೀನು ಮೂಲೆಯಲ್ಲಿ ಬರೆದಿದ್ದೆ. ನಾನೂ ಪರೀಕ್ಷೆಗೆ ಓದಿಕೊಂಡು ಬಂದವಳ ಹಾಗೆ ಹುರುಪಿನಿಂದ ಕೂತೆ. ಕೊಟ್ಟ ಜಾಗ ಸಾಲದೆ ಬೇರೆ ಹಾಳೆ ತೆಗೆದುಕೊಂಡೆ. ಬಾಚಣಿಗೆ ಕಂಡರೆ ನೀನು ಮಂಚದಡಿ ಸೇರುತ್ತಿದ್ದದ್ದು, ಬೂಟು ಅದಲುಬದಲು ಹಾಕಿಕೊಂಡು ಇವು ಆ ಕಡೆ ಹೋಗುವ ಬೂಟು ಎಂದು ಹಟ ಮಾಡಿದ್ದು, ನನ್ನ ಕಿವಿಯ ತುದಿ ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದದ್ದು, ಎಲ್ಲ ನೀರು ಕುಡಿದ ಹಾಗೆ ಬರೆದೆ. ಮಾತಿನ ವಿಷಯಕ್ಕೆ ಬಂದೆ. ಮಗು ಗೋಣಿಚೀಲದ ಮೇಲೆ ಕೂತಿದ್ದಳು, ಯಾರು ಕರೆದರೂ ಓಗೊಡುತ್ತಿರಲಿಲ್ಲ, ನಾನು ತಲೆ ಸವರುತ್ತಿದ್ದೆ ಎಂದು ಬರೆದು ಪೆನ್ನು ಎತ್ತಿದೆ.

ನಮ್ಮ ಮನೆಯಲ್ಲಿ ಗೋಣಿಚೀಲ ಎಲ್ಲಿತ್ತು ಮಗಳೇ? ಮೂರನೇ ಮಹಡಿಯ ಒಂದೂವರೆ ಕೋಣೆಯಲ್ಲಿ ಎರಡು ಕುರ್ಚಿ ಇಟ್ಟರೆ ಮೂರನೆಯವರು ನಿಂತೇ ಇರಬೇಕಿತ್ತು. ಕಣ್ಣು ಮುಚ್ಚಿ ಮತ್ತೆ ನೋಡಿದೆ. ತಲೆ ಸವರುವ ಕೈ ಕಂಡಿತು. ಚಿಕ್ಕ ಕೈ. ಉಗುರು ಕಚ್ಚಿ ಕಚ್ಚಿ ಮೊಂಡಾಗಿತ್ತು, ತೋರುಬೆರಳಿನ ಮೇಲೆ ಶಾಲೆಯ ಶಾಯಿಯ ಕಲೆ. ನಿನ್ನನ್ನು ಹೆತ್ತಾಗ ನನಗೆ ಮೂವತ್ತು. ಆ ಕೈಗೆ ಒಂಬತ್ತು ವರ್ಷ.

ನನಗೊಬ್ಬ ತಂಗಿ ಇದ್ದಳು, ಯುದ್ಧದ ವರ್ಷ ಜ್ವರ ಬಂದು ಹೋದಳು ಎಂದು ನಿನಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದೇನೆ. ಅವಳ ಹೆಸರು ಬೇರೆ ಏನೋ ಇತ್ತು, ಎಲ್ಲರೂ ಕರೆಯುತ್ತಿದ್ದದ್ದು ಬಟಾಣಿ ಅಂತ. ಮೂರು ವರ್ಷ. ಶೆಲ್ ಬೀಳಲು ಶುರುವಾದಾಗ ನಮ್ಮ ಬೀದಿಯ ಹನ್ನೆರಡು ಮನೆಯವರು ಬಟ್ಟೆ ಗೋದಾಮಿನ ನೆಲಮಾಳಿಗೆಗೆ ಇಳಿದೆವು. ಕೋಟಿನ ಬಟ್ಟೆಯ ದೊಡ್ಡ ದೊಡ್ಡ ಸುರುಳಿಗಳನ್ನು ಕಿಟಕಿಗೆ ಅಡ್ಡ ಒಟ್ಟಿದ್ದರು. ಅಮ್ಮ ನೀರಿಗೆ ಸಾಲು ನಿಂತಾಗ ಬಟಾಣಿ ನನ್ನ ಪಾಲು. ಅವಳ ಕೈ ಬಿಡಬಾರದು ಎನ್ನುವುದೊಂದೇ ಅಮ್ಮನ ಕಟ್ಟಪ್ಪಣೆ. ಬಟಾಣಿ ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು. ಹತ್ತನೇ ದಿನ ರಾತ್ರಿ, ಎಣ್ಣೆ ಉಳಿಸಲು ಯಾರೋ ದೀಪ ಸಣ್ಣ ಮಾಡಲು ಹೋದಾಗ, ದೀಪ ಆರಿಸಬೇಡಿ, ನಾನಿನ್ನೂ ನೋಡ್ತಾ ಇದೀನಿ ಅಂದಳು. ಅಂಥ ಕಡೆಯಲ್ಲೂ ಜನ ನಕ್ಕರು.

ಹನ್ನೊಂದನೇ ದಿನ ಅಂಗಳದಲ್ಲೇ ಒಂದು ಶೆಲ್ ಬಿತ್ತು. ಕಿಟಕಿ ಕಡೆಯ ಗೋಡೆ ಒಳಕ್ಕೆ ಬಂತು. ಅಮ್ಮ ಅವಳನ್ನು ಎತ್ತಿ ತಡವಿ ನೋಡಿ, ಮಗುವಿನ ಮೈಮೇಲೆ ಒಂದು ಗೀರೂ ಇಲ್ಲ ಎಂದು ಕೈ ಮುಗಿದಳು. ಮಾರನೆಯ ದಿನ ಸೈನಿಕರು ನಮ್ಮ ತಲೆಯ ಮೇಲಿನ ನೆಲದಲ್ಲಿ ಓಡಾಡಿದರು. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದಾಗ ಬಟಾಣಿ ಅಳಲು ಬಾಯಿ ತೆಗೆದಳು. ನಾನು ಮುಚ್ಚಿದೆ, ಈ ಕೈಯಲ್ಲೇ. ಅವರು ಹೋಗುವ ತನಕ ತೆಗೆಯಲಿಲ್ಲ. ಆಮೇಲೆ ಅವಳು ಮಾತಾಡಲಿಲ್ಲ. ಅವಳ ಮಾತನ್ನು ನನ್ನ ಕೈಯೇ ನುಂಗಿತು ಎಂದು ನಾನು ಯಾರಿಗೂ ಹೇಳದೆ ನಂಬಿಕೊಂಡು ಬಂದೆ. ದೊಡ್ಡವರು ಹೆದರಿದೆ ಮಗು, ಮಾತು ತಾನಾಗಿ ಬರುತ್ತೆ ಅಂದರು. ಬರಲಿಲ್ಲ. ಬೇಸಿಗೆಗೆ ಮೊದಲು ಅವಳು ಹೋದಳು.

ಬಾಚಣಿಗೆ, ಬೂಟು, ಕಿವಿಯ ತುದಿ, ಎಲ್ಲವೂ ಅವಳದು. ದೀಪದ ಮಾತೂ ಅವಳದೇ. ನಿನ್ನ ಮೊದಲ ಮಾತು ಅಂತ ನಾನು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ತಿರುಗಿದ್ದು ಅವಳ ಕೊನೆಯ ಮಾತನ್ನು. ಮೊದಲು ಮಾತು, ಆಮೇಲೆ ಮೌನ, ನಡೆದದ್ದು ಹೀಗೆ. ನನ್ನ ಬಾಯಲ್ಲಿ ಅದು ಹಿಂದುಮುಂದಾಯಿತು, ಮೊದಲು ಮೌನ, ಕೊನೆಗೆ ಮಾತು. ಕಥೆ ಹಾಗೇ ಮುಗಿಯಲಿ ಎಂದು ನನಗೆ ಅಷ್ಟು ಆಸೆ ಇತ್ತೇನೋ.

ಬೇಕೆಂದೇ ಮಾಡಿದೆಯಾ ಎಂದು ಕೇಳುತ್ತೀ. ನಿನಗೆ ಆರು ವರ್ಷ. ಸ್ನಾನ ಮಾಡಿಸುತ್ತಿದ್ದೆ. ನಾನು ಚಿಕ್ಕವಳಿದ್ದಾಗ ಏನೇನು ಮಾಡ್ತಿದ್ದೆ ಹೇಳಮ್ಮಾ ಅಂದೆ. ಎಲ್ಲ ಮಕ್ಕಳೂ ಕೇಳುವ ಪ್ರಶ್ನೆ. ನಾನು ಚೊಂಬು ಹಿಡಿದು ನಿಂತೆ. ಏನೂ ಇರಲಿಲ್ಲ, ಮಗಳೇ. ನೀನು ಹುಟ್ಟಿದ ದಿನ ಗೊತ್ತು, ಎಷ್ಟು ತೂಕ ಇದ್ದೆ ಎನ್ನುವುದು ಗೊತ್ತು. ಅಲ್ಲಿಂದ ನಾಲ್ಕೈದು ವರ್ಷ ಎಲ್ಲಿ ಹೋಯಿತೋ ದೇವರೇ ಬಲ್ಲ. ನೆಲಮಾಳಿಗೆಯ ನಲವತ್ತು ದಿನವನ್ನು ಗಂಟೆ ಗಂಟೆಯಾಗಿ ಹೇಳಬಲ್ಲೆ, ಯಾವ ಸುರುಳಿಯ ಬಟ್ಟೆ ಯಾವ ಬಣ್ಣ ಎನ್ನುವುದನ್ನೂ ಹೇಳಬಲ್ಲೆ. ನೀನು ಯಾವಾಗ ಅಂಬೆಗಾಲಿಟ್ಟೆ ಎಂದರೆ ಬಾಯಿ ಬಾಯಿ ಬಿಡುತ್ತೇನೆ. ನಿನಗೆ ಸೋಪು ಕಣ್ಣಿಗೆ ಹೋಗಿ ಉರಿಯುತ್ತಿತ್ತು, ಆದರೂ ಮುಖ ಎತ್ತಿ ಕಾಯುತ್ತಿದ್ದೆ. ಬೂಟಿನ ಕಥೆ ಹೇಳಿಬಿಟ್ಟೆ. ನೀನು ಎಷ್ಟು ನಕ್ಕೆ! ಆ ಸಲ ಹೇಳುವಾಗ ಅದು ಯಾರ ಕಥೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹತ್ತನೇ ಸಲ ಹೇಳುವಾಗ ಗೊತ್ತಿರಲಿಲ್ಲ. ಹೀಗೆ ಹೇಳಿದರೆ ಯಾರು ನಂಬುತ್ತಾರೆ? ಆದರೆ ಆದದ್ದು ಹಾಗೇ.

ನನ್ನ ಕಸುಬು ಏನು ಎಂದು ನಿನಗೆ ಗೊತ್ತಲ್ಲ, ಹರಿದ ಕೋಟಿಗೆ ರಫು ಮಾಡುವುದು. ತೇಪೆ ಹಾಕಿದರೆ ಊರಿಗೆಲ್ಲ ಕಾಣುತ್ತದೆ. ರಫು ಮಾಡುವಾಗ ಅದೇ ಕೋಟಿನ ಒಳಮಡಿಕೆಯಿಂದ ಎಳೆ ಎಳೆಯಾಗಿ ದಾರ ಬಿಡಿಸಿಕೊಂಡು ತೂತಿನ ಮೇಲೆ ಅಡ್ಡ ಉದ್ದ ನೇಯಬೇಕು. ನನಗೆ ಕೆಲಸ ಕಲಿಸಿದ ಮುದುಕಿ ಬೇರೆ ಬಟ್ಟೆಯ ಎಳೆ ಮುಟ್ಟಿದರೆ ಕೈಮೇಲೆ ಕತ್ತರಿಯಿಂದ ಕುಟ್ಟುತ್ತಿದ್ದಳು. ಬಣ್ಣ ಎಷ್ಟೇ ಹೊಂದಲಿ, ಅಂಗಡಿಯಲ್ಲಿ ಯಾರಿಗೂ ತಿಳಿಯದೇ ಇರಲಿ, ಮೊದಲ ಒಗೆತಕ್ಕೆ ನಿನ್ನ ಬಂಡವಾಳ ಬಯಲು ಎನ್ನುತ್ತಿದ್ದಳು. ಮೂವತ್ತೈದು ವರ್ಷದಲ್ಲಿ ಗಿರಾಕಿಯ ಒಂದು ಕೋಟಿಗೂ ನಾನು ಹಾಗೆ ಮಾಡಿದವಳಲ್ಲ. ಹೆತ್ತ ಮಗಳಿಗೆ ಮಾಡಿದೆ. ನಿನ್ನ ಮದುವೆಯ ದಿನ ನೀನೇ ಎಲ್ಲರೆದುರು ಬೂಟಿನ ಕಥೆ ಹೇಳಿ ನಗಿಸಿದೆ. ಮರಿ ಬೂಟು ತಿರುಗಾಮುರುಗಾ ಹಾಕಿಕೊಂಡ ಫೋಟೋ ಕಳಿಸಿ, ಥೇಟ್ ನನ್ನ ಹಾಗೇ ಅಂತ ಬರೆದೆ. ಆ ಫೋಟೋ ಇಲ್ಲೇ ನನ್ನ ಸೂಜಿಡಬ್ಬಿಯ ಮುಚ್ಚಳದಲ್ಲಿದೆ.

ನನ್ನ ತಲೆಯನ್ನು ನಾನೇ ನಂಬದ ಮೇಲೆ ಯಾರನ್ನು ಕೇಳಲಿ? ನಿನ್ನಪ್ಪ ಇನ್ನೊಂದು ಸಂಸಾರ ಕಟ್ಟಿಕೊಂಡು ಊರುಬಿಟ್ಟಿದ್ದಾಯಿತು. ಉಳಿದವರು ಒಬ್ಬರೇ, ನಿನ್ನಪ್ಪನ ಅಕ್ಕ, ನಿನ್ನ ಅತ್ತೆ. ನಾನು ದುಡಿಯಲು ಹೋದಾಗ ನಿನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದ ಅತ್ತಿಗೆಯನ್ನು ನಾನು ಇಪ್ಪತ್ತಾರು ವರ್ಷ ಬಾಗಿಲಿಗೆ ಸೇರಿಸಲಿಲ್ಲ. ನಿನ್ನ ಮದುವೆಗೂ ಕರೆಯಲಿಲ್ಲ. ಯಾಕೆ ಎಂದು ನೀನು ಕೇಳಿದಾಗಲೆಲ್ಲ ಅವರ ಬಾಯಿ ಸರಿ ಇಲ್ಲ ಅಂದೆ. ನಿನ್ನೆ ಅರ್ಧ ದಿನ ರಜೆ ಹಾಕಿ ಹೋದೆ.

ಅವರು ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ಗಂಟಲು ನಿವೃತ್ತಿಯಾಗಿಲ್ಲ. ಬಾಗಿಲು ತೆಗೆದು ಅಡಿಯಿಂದ ಮುಡಿಯ ತನಕ ನೋಡಿ, ಇಪ್ಪತ್ತಾರು ವರ್ಷ ಲೇಟು, ಒಳಗೆ ಬಾ, ಬಾಗಿಲಲ್ಲಿ ನಿಂತರೆ ಹತ್ತೋರಿಗೆ ಇಳಿಯೋರಿಗೆ ತೊಂದರೆ ಅಂದರು. ಮಂಡಿ ನೋವಿದೆ ಎಂದು ಗೊಣಗುತ್ತಲೇ ಚಹಾ ಮಾಡಿದರು. ನಾನು ಬಳಸಿ ಮಾತಾಡಲಿಲ್ಲ. ನನ್ನ ಮಗಳು ಯಾವಾಗ ಮಾತು ಕಲಿತಳು ಅತ್ತಿಗೆ ಅಂದೆ.

ಅವರು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ಹತ್ತು ತಿಂಗಳಿಗೆ, ಅಂದರು. ಕಿಟಕಿಯಲ್ಲಿ ಕೂತ ಪಾರಿವಾಳಕ್ಕೆ ಬಾ ಅಂದಳು, ಅದೇ ಮೊದಲು. ಒಂದೂವರೆ ವರ್ಷಕ್ಕೆ ನನ್ನ ಜೊತೆ ಜಗಳ ಆಡೋ ಅಷ್ಟು ಮಾತು. ರೇಡಿಯೋ ಅಂತ ಸುಮ್ಮನೆ ಹೆಸರಿಟ್ಟೆನಾ ನಾನು? ಆ ರೇಡಿಯೋಗೆ ಆರಿಸೋ ಗುಂಡೀನೇ ಇರಲಿಲ್ಲ ಅಂದರು.

ಅತ್ತೆ ನಿನ್ನನ್ನು ರೇಡಿಯೋ ಎಂದು ಕರೆಯುತ್ತಿದ್ದದ್ದು ನಿನಗೆ ನೆನಪಿರಬೇಕು. ನನಗೂ ನೆನಪಿತ್ತು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುವ ಹಾಗೆ, ಮಾತಾಡದ ಮಗುವಿಗೆ ಕುಚೋದ್ಯಕ್ಕೆ ಇಟ್ಟ ಹೆಸರು ಅದು ಎಂದೇ ನಾನು ತಿಳಿದಿದ್ದೆ. ನಿಜ ಕಣ್ಣೆದುರೇ ಇತ್ತು. ಅದನ್ನೂ ನನ್ನ ಸುಳ್ಳಿಗೆ ತಕ್ಕ ಹಾಗೆ ಮಡಿಸಿಟ್ಟುಕೊಂಡಿದ್ದೆ.

ಆಮೇಲೆ ಅವರು ನಮ್ಮ ಜಗಳದ ಮಾತೆತ್ತಿದರು. ಮಗುವನ್ನು ನನಗೆ ಕೊಟ್ಟುಬಿಡು, ನಿನ್ನ ಕೈಲಿ ಆಗಲ್ಲ ಎಂದು ಅವರು ಅಂದದ್ದಕ್ಕೆ ನಾನು ಅವರನ್ನು ಮನೆಯಿಂದ ಆಚೆ ಕಳಿಸಿದ್ದು. ಯಾಕೆ ಅಂದೆ ಅಂತ ನೀನು ಆವತ್ತು ಕೇಳಲೇ ಇಲ್ಲ ಅಂದರು. ನಿನ್ನೆ ಕೇಳಿದೆ. ನೀನು ಮಗು ಎದುರಿಗೇ ಕೂತಿರ್ತಿದ್ದೆ, ಅಂದರು ಅವರು, ಆದರೆ ಇನ್ನೆಲ್ಲೋ ನೋಡ್ತಿದ್ದೆ. ಬೀದಿಯಲ್ಲಿ ಲಾರಿ ಟೈರು ಒಡೆದರೆ ಅವಳನ್ನು ಎಳಕೊಂಡು ಮೇಜಿನ ಕೆಳಗೆ. ಅವಳು ಜೋರಾಗಿ ಮಾತಾಡಿದರೆ ಸಾಕು, ನಿನ್ನ ಕೈ ತಾನಾಗಿ ಅವಳ ಬಾಯಿಗೆ ಹೋಗ್ತಿತ್ತು. ಮಗು ಅದನ್ನ ಅಮ್ಮನ ಗಪ್‌ಚುಪ್ ಆಟ ಅಂತಿದ್ದಳು, ನನಗೂ ಆಡಿ ತೋರಿಸಿದ್ದಳು. ಇಷ್ಟು ಹೇಳಿ ಅವರು ಕಿಟಕಿ ಕಡೆ ತಿರುಗಿದರು.

ಆ ಆಟ ನಿನಗೆ ನೆನಪಿದೆಯಾ? ಇದ್ದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ? ಇಲ್ಲದಿದ್ದರೆ ನಿನ್ನ ಪುಣ್ಯ. ಮೇಜಿನ ಕೆಳಗೆ ನಾನು ಇವತ್ತಿಗೂ ಹೋಗುತ್ತೇನೆ. ಅಂಗಡಿಯಲ್ಲಿ ಹಬೆಯ ಇಸ್ತ್ರಿ ಒಮ್ಮೊಮ್ಮೆ ಢಬ್ಬೆನ್ನುತ್ತದೆ. ನಾನು ಎದ್ದು ಬರುವಷ್ಟರಲ್ಲಿ ಇಸ್ತ್ರಿಯವ ಒಂದು ಗುಂಡಿ ಕೈಗೆ ಕೊಟ್ಟು, ಇದನ್ನೇ ಹುಡುಕ್ತಿದ್ರಲ್ಲ ಅಕ್ಕ, ಸಿಕ್ತು ತಗೊಳ್ಳಿ ಅನ್ನುತ್ತಾನೆ. ಅದಕ್ಕೆಂದೇ ಜೇಬಿನಲ್ಲಿ ಗುಂಡಿ ಇಟ್ಟುಕೊಂಡಿರುತ್ತಾನೆ, ಪುಣ್ಯಾತ್ಮ. ನಿನ್ನ ಹತ್ತಿರ ಅಂಥ ಗುಂಡಿ ಇರಲಿಲ್ಲ. ನಿನಗೆ ಎರಡು ವರ್ಷ.

ನಿನ್ನ ಬಾಲ್ಯ ಪೂರ್ತಿ ಇದ್ದದ್ದು ಅತ್ತೆಯ ಬಳಿ. ಅವರನ್ನು ಹೊರಗೆ ಹಾಕಿ ಅದನ್ನೂ ಹೊರಗೆ ಹಾಕಿದೆ, ಆ ಖಾಲಿ ಜಾಗಕ್ಕೆ ಸತ್ತ ಮಗುವಿನ ಕಥೆಗಳನ್ನು ತಂದು ತುಂಬಿದೆ. ಇದು ತಪ್ಪು ಎಂದು ಬರೆದರೆ ಸಣ್ಣ ಮಾತಾಗುತ್ತದೆ. ಆದರೂ ಬೇರೆ ಮಾತು ನನಗೆ ಗೊತ್ತಿಲ್ಲ. ತಪ್ಪು ಮಾಡಿದೆ ಮಗಳೇ. ಅವರ ಫೋನ್ ನಂಬರು ಹಿಂಬದಿಯಲ್ಲಿ ಬರೆದಿದ್ದೇನೆ. ಡಾಕ್ಟರ ಏಳೂ ಪ್ರಶ್ನೆಗೆ ಅವರು ಉತ್ತರ ಹೇಳುತ್ತಾರೆ, ಎಪ್ಪತ್ತು ಕೇಳಿದರೂ ಹೇಳುತ್ತಾರೆ. ನೀನು ಹೆದರುತ್ತಿದ್ದದ್ದು ಬಾಚಣಿಗೆಗಲ್ಲವಂತೆ, ಬಲೂನಿಗಂತೆ. ನಡೆದದ್ದು ಹದಿಮೂರು ತಿಂಗಳಿಗೆ, ಬಸ್ ಡಿಪೋದಲ್ಲಿ, ಒಬ್ಬ ಡ್ರೈವರನ ಊಟದ ಡಬ್ಬಿಯ ಕಡೆಗೆ.

ಹೊರಡುವಾಗ ಅತ್ತಿಗೆ ಇನ್ನೊಂದು ಹೇಳಿದರು. ಶನಿವಾರ ನಾವಿಬ್ಬರೂ ಅವರ ಬಸ್ಸಿನಲ್ಲಿ ಸುತ್ತುತ್ತಿದ್ದೆವಂತೆ, ನೀನು ಸೀಟಿನ ಮೇಲೆ ನಿಂತು ಅವರ ಧ್ವನಿಯಲ್ಲೇ ನಿಲ್ದಾಣ ಕೂಗುತ್ತಿದ್ದೆಯಂತೆ. ಅವರು ಹೇಳಿದಾಗ ಏನೂ ಆಗಲಿಲ್ಲ. ಬರುವಾಗ ಬಸ್ಸಿನಲ್ಲಿ ಕೂತಿದ್ದೆ. ಕಂಬಿಯ ತಣ್ಣನೆಯ ಕಬ್ಬಿಣ ಅಂಗೈಗೆ ತಗುಲಿತು, ಒಂದು ನೆನಪು ಬಂತು. ಹಳದಿ ಸ್ವೆಟರು, ಒದ್ದೆ ಕೂದಲು. ಮುಂದೆ ಆಸ್ಪತ್ರೆ, ಆಸ್ಪತ್ರೆ, ಇಳಿಯೋರು ಬನ್ನಿ ಎಂದು ಗಂಟಲು ಹರಿಯುವ ಹಾಗೆ ಕೂಗುವ ಪುಟ್ಟ ಹುಡುಗಿ, ನಗುವ ಜನ. ನೀನು ಬೀಳಬಾರದೆಂದು ನಾನು ಸ್ವೆಟರಿನ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಕೈಯನ್ನೇ ಮೊದಲು ನೋಡಿದೆ. ದೊಡ್ಡ ಕೈ. ನಡುಬೆರಳ ತುದಿಯಲ್ಲಿ ಸೂಜಿ ಚುಚ್ಚಿ ದಡ್ಡುಗಟ್ಟಿದ ಚರ್ಮ. ಇದು ನಿನ್ನದು, ಮಗಳೇ. ನನ್ನ ಹತ್ತಿರ ಇರುವುದು ಇದೊಂದೇ. ಬೇರೆ ಯಾರದ್ದೂ ಅಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ.

ಬಿಡುವು ಮುಗಿಯಿತು. ಯಜಮಾನರು ಎರಡು ಸಲ ಇಣುಕಿ ಹೋದರು. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ತಿಂಗಳುಗಟ್ಟಲೆ ಮಾತು ಬಿಡು, ಅದು ನನಗೆ ಸಲ್ಲಬೇಕಾದ್ದೇ. ಆದರೆ ಆಸ್ಪತ್ರೆಗೆ ಫೋನು ಮಾಡಿದ ಮೇಲೆ ಸಿಟ್ಟಾಗು. ಅಳಿಯನಿಗೆ ನನ್ನ ಆಶೀರ್ವಾದ. ಮರಿಗೆ ಎರಡು ಕೆನ್ನೆಗೂ ಮುತ್ತು.

ನಿನ್ನ ಬಾಯಿ ಮುಚ್ಚಿಸಿದ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯದೆ ಬಿಟ್ಟಿದ್ದೆ. ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದ್ದೇನೆ. ಬಟಾಣಿ ಜ್ವರ ಬಂದು ಹೋಗಲಿಲ್ಲ. ಗುಂಡಿನ ಸದ್ದು ನಿಂತು ಎರಡು ತಿಂಗಳಾಗಿತ್ತು, ಒಳ್ಳೆಯ ಬಿಸಿಲು, ಬೀದಿ ತುಂಬ ಇಟ್ಟಿಗೆ ಸಾಗಿಸುವ ಲಾರಿಗಳು. ಅವಳು ರಸ್ತೆಯ ನಡುವೆ ಕುಕ್ಕರುಗಾಲಲ್ಲಿ ಕೂತು ಗಾಜಿನ ಚೂರು ಆರಿಸುತ್ತಿದ್ದಳು, ಬೆನ್ನು ಈ ಕಡೆಗೆ. ಲಾರಿಯವನು ಹಾರನ್ ಒತ್ತಿದ, ನಾನು ಕಿರುಚಿದೆ. ಬೀದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು, ಅವಳೊಬ್ಬಳನ್ನು ಬಿಟ್ಟು. ನನ್ನ ಕೈ ಅವಳ ಮಾತು ನುಂಗಿತು ಎಂದು ಮೇಲೆ ಬರೆದೆನಲ್ಲ, ಅದರ ಹಿಂದಿನ ದಿನ ನಡೆದದ್ದೊಂದು ಉಳಿದಿದೆ. ಶೆಲ್ ಬಿದ್ದಾಗ ಅವಳ ಎರಡು ಕಿವಿಯಿಂದಲೂ ಒಂದೊಂದು ಎಳೆ ರಕ್ತ ಇಳಿದಿತ್ತು. ಕೈ ಯಾಕೆ ಬಿಟ್ಟೆ ಎಂದು ಅಮ್ಮ ಬೈಯುತ್ತಾಳೆಂದು ಹೆದರಿ, ಅವಳು ಬಂದು ನೋಡುವಷ್ಟರಲ್ಲಿ ನನ್ನ ಫ್ರಾಕಿನ ಅಂಚಿನಿಂದ ಒರೆಸಿಬಿಟ್ಟೆ. ಯಾರಿಗೂ ಹೇಳಲಿಲ್ಲ. ಮಾತು ತಾನಾಗಿ ಬರುತ್ತೆ ಎಂದು ಎಲ್ಲರೂ ಕಾದರು. ಅವರ ಜೊತೆ ನಾನೂ ಕಾದೆ.